ಹಾಡಿನ ಪೆಟ್ಟಿಗೆ ಕೊಳ್ಳುವ ಮುನ್ನ

(ಅಲಿಪುರದಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಾಂಧವರ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟದಲ್ಲಿ ಮಾತನಾಡಲು ನಮಗೆ ಅಪ್ಪಣೆಯಾಗಿರುವ ವಿಷಯ ಮೇಲ್ನೋಟಕ್ಕೆ ಸಣ್ಣದು. ಮನೆಯಲ್ಲಿ ಹಾಡು ಕೇಳುವುದಕ್ಕೆ ‘ಸ್ಟ್ರೀಮರ್’ ಎಂಬ ಪೆಟ್ಟಿಗೆಯನ್ನು ಕೊಳ್ಳಬೇಕೆಂದಿದ್ದರೆ ಎಂಥದನ್ನು ಆರಿಸಬೇಕು ಎಂಬುದೇ ಆ ವಿಷಯ. ಸಂಬಳ, ಭತ್ಯ, ಭವಿಷ್ಯನಿಧಿ ಇವುಗಳ ಚರ್ಚೆಯ ನಡುವೆ ಹಾಡಿನ ಪೆಟ್ಟಿಗೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಊರಿನಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಭಟ್ಟಿಯ ಮುಂದೆಯೋ ಮಗ್ಗದ ಮುಂದೆಯೋ ದುಡಿದು ಬಂದವರಿಗೆ ತಮ್ಮ ನುಡಿಯ ಒಂದು ಹಾಡು ಕೇಳಬೇಕೆನಿಸುವುದು ಶೋಕಿಯಲ್ಲ. ಅದು ಮನಸ್ಸಿನ ಅನ್ನ. ಆ ಅನ್ನಕ್ಕಾಗಿ ಕೈಬಿಡುವ ದುಡ್ಡು ನಮ್ಮ ಬೆವರಿನದು. ಆದುದರಿಂದ ಲೆಕ್ಕ ನೋಡಿ ಕೊಳ್ಳುವುದು ಧರ್ಮ.

ನಾವು ಸೇರಿರುವ ಈ ಅಲಿಪುರದಲ್ಲೇ ನಮ್ಮ ಮಾತಿಗೆ ಒಳ್ಳೆಯ ಹೋಲಿಕೆಯೊಂದು ಸಿಗುತ್ತದೆ. ಇಲ್ಲಿನ ಬೆಲ್ವೆಡಿಯರ್ ಆವರಣದಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. ೧೯೫೩ರಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರು ಅದನ್ನು ಇಲ್ಲಿ ಸಾರ್ವಜನಿಕರಿಗೆ ತೆರೆದಾಗ ಅದರ ಗ್ರಂಥಪಾಲರಾಗಿದ್ದವರು ಬಳ್ಳಾರಿ ಶಾಮಣ್ಣ ಕೇಶವನ್. ೧೯೫೪ರ ಕಾಯಿದೆಯಂತೆ ದೇಶದಲ್ಲಿ ಪ್ರಕಟವಾಗುವ ಪುಸ್ತಕಗಳ ಒಂದೊಂದು ಪ್ರತಿ ಇಲ್ಲಿಗೆ ಬರತಕ್ಕದ್ದು. ಕನ್ನಡಕ್ಕೂ ಇಲ್ಲಿ ಒಂದು ವಿಭಾಗವಿದೆ. ಅಲ್ಲಿನ ಓದುವ ಕೋಣೆಯಲ್ಲಿ ಕುಳಿತರೆ ಲಕ್ಷಗಟ್ಟಲೆ ಪುಸ್ತಕ ನಮ್ಮದೇ ಎನ್ನುವಂತಿರುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಬರಿಗೈಯಲ್ಲಿ ಎದ್ದು ಬರಬೇಕು. ನಮ್ಮ ಟ್ರಂಕಿನಲ್ಲಿರುವ ಪುಸ್ತಕಗಳು ಇಪ್ಪತ್ತೇ ಇರಬಹುದು, ಆದರೆ ಅವನ್ನು ಕಸಿಯುವವರು ಯಾರೂ ಇಲ್ಲ. ಸ್ಟ್ರೀಮರಿನಲ್ಲಿ ಕೇಳುವ ಹಾಡು ಓದುವ ಕೋಣೆಯ ಪುಸ್ತಕದಂತೆ. ಕ್ಯಾಸೆಟ್ಟು, ಸಿಡಿ, ಪೆನ್ ಡ್ರೈವಿನಲ್ಲಿರುವ ಹಾಡು ಟ್ರಂಕಿನ ಪುಸ್ತಕದಂತೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಹಾಡನ್ನು ಯಂತ್ರದಲ್ಲಿ ಹಿಡಿಯುವ ಕೆಲಸಕ್ಕೂ ಈ ನಗರಕ್ಕೂ ಹಳೆಯ ನಂಟು. ೧೯೦೨ರಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದ್ದು ಇದೇ ಕಲ್ಕತ್ತೆಯಲ್ಲಿ. ಆಕೆ ಕೊನೆಗೆ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಲ್ಲಿನ ರೇಡಿಯೋ ಕೇಂದ್ರ ೧೯೨೭ರ ಆಗಸ್ಟಿನಲ್ಲಿ ಆರಂಭವಾಯಿತು. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ಮುಂದೆ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ೧೯೮೦ರ ದಶಕದಲ್ಲಿ ಅದು ರದ್ದಾಯಿತು. ಈಗ ತಿಂಗಳ ಚಂದಾ ಬಂದಿದೆ. ಅಂತೂ ಪ್ರತಿ ಕಾಲಕ್ಕೂ ಅದರದೇ ಪೆಟ್ಟಿಗೆ, ಅದರದೇ ಸುಂಕ.

ಸರಿ, ಸ್ಟ್ರೀಮರ್ ಎಂದರೇನು? ಇಂಟರ್‌ನೆಟ್ಟಿನಿಂದ ಹಾಡನ್ನು ತರಿಸಿಕೊಂಡು, ಅಂಕಿಗಳ ರೂಪದಲ್ಲಿರುವ ಅದನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸಿ, ನಮ್ಮ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ. ಅಷ್ಟೇ. ಸ್ಪೀಕರನ್ನು ಕುಣಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಆಂಪ್ಲಿಫೈಯರಿನದು. ಆದುದರಿಂದ ಮನೆಯಲ್ಲಿ ಹಳೆಯ ಆಂಪ್ಲಿಫೈಯರೋ ಟೂ-ಇನ್-ಒನ್ನೋ ಚೆನ್ನಾಗಿ ನುಡಿಯುತ್ತಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದರ ಹಿಂಬದಿಯಲ್ಲಿ ‘ಆಕ್ಸ್’, ‘ಟೇಪ್’, ‘ಟ್ಯೂನರ್’ ಅಥವಾ ‘ಸಿಡಿ’ ಎಂದು ಬರೆದ ಕೆಂಪು-ಬಿಳಿ ತೂತುಗಳಿದ್ದರೆ ಸ್ಟ್ರೀಮರಿನ ತಂತಿ ಅಲ್ಲಿ ಕೂರುತ್ತದೆ. ‘ಫೋನೋ’ ಎಂದು ಬರೆದ ಕಡೆ ಮಾತ್ರ ಸಿಕ್ಕಿಸಬಾರದು. ಅದು ಗ್ರಾಮಫೋನ್ ಮುಳ್ಳಿನ ಬಹು ಕ್ಷೀಣವಾದ ಸದ್ದನ್ನು ಹಿಗ್ಗಿಸುವುದಕ್ಕೆಂದು ಮಾಡಿದ್ದು. ಅಲ್ಲಿ ಸಿಕ್ಕಿಸಿದರೆ ಹಾಡು ಒಡೆದು ಅರಚುತ್ತದೆ.

ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ ಎಂದು ನಮ್ಮ ವಿಜ್ಞಾಪನೆ. ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲಿಗೆ ಇಯರ್‌ಫೋನಿನ ತೂತಿದ್ದರೆ, ಅಲ್ಲಿಂದ ಆಕ್ಸಿಗೆ ಹೋಗುವ ಸಾಧಾರಣ ತಂತಿಯೊಂದನ್ನು ಕೊಂಡು ಸೇರಿಸಿ. ಆ ಮೊಬೈಲೇ ನಿಮ್ಮ ಮೊದಲ ಸ್ಟ್ರೀಮರ್. ಒಂದು ತಿಂಗಳು ಅದರಲ್ಲೇ ಕೇಳಿ ನೋಡಿ. ದಿನವೂ ಕೇಳುತ್ತೀರಾ, ವಾರಕ್ಕೊಮ್ಮೆಯಾ, ಕೇಳುವವರು ನೀವಾ, ಹೆಂಡತಿಯಾ, ಮಕ್ಕಳಾ, ವಯಸ್ಸಾದ ತಾಯಿಯಾ ಎಂಬುದು ಆಗ ತಿಳಿಯುತ್ತದೆ. ಬಹು ಮಂದಿಗೆ ಅಷ್ಟೇ ಸಾಕಾಗಿಬಿಡುತ್ತದೆ.

ಸಾಲದು ಎಂದಾದರೆ ಮುಂದಿನ ಆಯ್ಕೆ ಮೂರು ಬಗೆ.

ಮೊದಲನೆಯದು ಬ್ಲೂಟೂತ್ ರಿಸೀವರ್. ಇದೇ ಎಲ್ಲಕ್ಕಿಂತ ಅಗ್ಗ. ಇದರಲ್ಲಿ ಹಾಡು ನಿಮ್ಮ ಮೊಬೈಲಿನಿಂದಲೇ ಹೊರಟು ಪೆಟ್ಟಿಗೆಗೆ ಬರುತ್ತದೆ. ಫೋನು ಬಂದರೆ ಹಾಡು ನಿಲ್ಲುತ್ತದೆ. ಮೊಬೈಲ್ ಹಿಡಿದು ಹತ್ತು ಮೀಟರಿಗಿಂತ ಆಚೆ ಹೋದರೆ ಹಾಡು ತುಂಡುತುಂಡಾಗುತ್ತದೆ. ಮನೆಯಲ್ಲಿ ವೈಫೈ ಇಲ್ಲದೆ ಮೊಬೈಲಿನ ಡೇಟಾವನ್ನೇ ನಂಬಿದವರಿಗೆ ಇದೇ ಸರಿಯಾದದ್ದು.

ಎರಡನೆಯದು ವೈಫೈ ಸ್ಟ್ರೀಮರ್. ಇಲ್ಲಿ ಮೊಬೈಲು ‘ಇಂಥ ಹಾಡು ಹಾಕು’ ಎಂದು ಹೇಳುತ್ತದಷ್ಟೇ. ಹಾಡನ್ನು ಪೆಟ್ಟಿಗೆಯೇ ನೇರವಾಗಿ ತರಿಸಿಕೊಳ್ಳುತ್ತದೆ. ಫೋನು ಬಂದರೂ ಹಾಡು ನಡೆಯುತ್ತಿರುತ್ತದೆ. ಮನೆಯಲ್ಲಿ ವೈಫೈ ಇದ್ದು, ಕೇಳುವವರು ಹಲವರಿದ್ದರೆ ಇದು ಅನುಕೂಲ. ಹೋಟೆಲಿನ ಮೇಲಿನ ಕೋಣೆಯಲ್ಲಿ ವಾಸಿಸುವವರು ಒಂದು ವಿಷಯ ಗಮನಿಸಬೇಕು. ಹೆಸರು, ಫೋನ್ ನಂಬರು ಬರೆದು ಒಳಹೋಗುವ ಬಗೆಯ ವೈಫೈಯಲ್ಲಿ ಇಂಥ ಪೆಟ್ಟಿಗೆ ಸಾಮಾನ್ಯವಾಗಿ ಕೆಲಸ ಮಾಡದು. ಬರೆಯುವುದಕ್ಕೆ ಅದಕ್ಕೆ ಪರದೆಯಿಲ್ಲ.

ಮೂರನೆಯದು ಆಂಪ್ಲಿಫೈಯರು, ಸ್ಟ್ರೀಮರು ಎಲ್ಲ ಒಂದರಲ್ಲೇ ಇರುವ ದೊಡ್ಡ ಪೆಟ್ಟಿಗೆ. ನೋಡಲು ಚೆಂದ, ತಂತಿಯ ಗೋಜಿಲ್ಲ. ಆದರೆ ಆಂಪ್ಲಿಫೈಯರ್ ಇಪ್ಪತ್ತು ವರ್ಷ ಬಾಳುವ ವಸ್ತು; ಸ್ಟ್ರೀಮರಿನ ಆಯುಷ್ಯ ಅದನ್ನು ಮಾಡಿದ ಕಂಪನಿಯ ಮನಸ್ಸಿನಲ್ಲಿದೆ. ಗಟ್ಟಿ ಎತ್ತಿಗೆ ಮುರುಕು ಗಾಡಿ ಕಟ್ಟಿದಂತೆ ಆಗಬಾರದು. ಬೇರೆ ಬೇರೆಯಾಗಿದ್ದರೆ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು.

ಕಂಪನಿಯ ಮನಸ್ಸು ಎಂದೆವಲ್ಲ, ಅದಕ್ಕೆ ಎರಡು ನಿದರ್ಶನ ಕೊಡುತ್ತೇವೆ. ಗೂಗಲ್ ಕಂಪನಿ ೨೦೧೫ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಪುಟ್ಟ ಸ್ಟ್ರೀಮರನ್ನು ಹೊರತಂದಿತು. ಅಗ್ಗವಾದದ್ದು, ಒಳ್ಳೆಯದು ಎಂದು ಜನ ಮೆಚ್ಚಿದರು. ೨೦೧೯ರಲ್ಲಿ ಅದರ ತಯಾರಿಕೆ ನಿಂತಿತು. ೨೦೨೫ರ ಮಾರ್ಚಿನಲ್ಲಿ ಅದರೊಳಗಿನ ಹತ್ತು ವರ್ಷದ ಗುರುತಿನ ಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಅನೇಕ ಮನೆಗಳಲ್ಲಿ ಸುಸ್ಥಿತಿಯಲ್ಲಿದ್ದ ಪೆಟ್ಟಿಗೆಗಳು ಒಮ್ಮೆಲೇ ಮೂಕವಾದವು. ಕಂಪನಿಯವರು ಕೆಲವು ದಿನಗಳಲ್ಲಿ ಸರಿಪಡಿಸಿದರೆನ್ನಿ. ಅವರು ಕೈಬಿಟ್ಟಿದ್ದರೆ ನಾವು ಮಾಡುವುದೇನೂ ಇರಲಿಲ್ಲ. ಇನ್ನೊಂದು, ಲಾಜಿಟೆಕ್ ಕಂಪನಿಯ ಸ್ಕ್ವೀಜ್‌ಬಾಕ್ಸ್. ಅದರ ತಯಾರಿಕೆ ೨೦೧೨ರಲ್ಲಿ ನಿಂತಿತು, ಇಂಟರ್‌ನೆಟ್ಟಿನಲ್ಲಿ ಅದನ್ನು ನಡೆಸುತ್ತಿದ್ದ ಸೇವೆಯೂ ೨೦೨೪ರಲ್ಲಿ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಹಾಡುತ್ತಿವೆ. ಕಾರಣವೇನು? ಅದನ್ನು ನಡೆಸುವ ತಂತ್ರಾಂಶ ಎಲ್ಲರಿಗೂ ತೆರೆದದ್ದಾಗಿತ್ತು. ಬಳಸುವವರೇ ಕೈಜೋಡಿಸಿ ಅದನ್ನು ಉಳಿಸಿಕೊಂಡರು, ಮನೆಯ ಕಂಪ್ಯೂಟರಿನಲ್ಲೇ ನಡೆಸಿಕೊಂಡರು. ಸಂಘಟನೆಯ ಬಲವೆಂದರೆ ಏನೆಂದು ನಮ್ಮ ಕಾರ್ಮಿಕರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಡು ಕೊಡುವ ಅಂಗಡಿಗಳೂ ಹಾಗೆಯೇ. ೨೦೨೪ರ ಜನವರಿಯಲ್ಲಿ ರೆಸ್ಸೊ ನಮ್ಮ ದೇಶದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಏರ್‌ಟೆಲ್‌ನವರು ವಿಂಕ್ ಸೇವೆಯನ್ನು ನಿಲ್ಲಿಸಲು ತೀರ್ಮಾನಿಸಿದರು. ಆದ್ದರಿಂದ ಒಂದೇ ಅಂಗಡಿಯ ಹಾಡನ್ನು ಮಾತ್ರ ಹಾಡುವ ಪೆಟ್ಟಿಗೆ ಬೇಡ. ಹಲವು ಸೇವೆಗಳಿಗೆ ಒಗ್ಗುವ, ಬ್ಲೂಟೂತ್ ಕೂಡ ಇರುವ, ಪೆನ್ ಡ್ರೈವಿನ ಅಥವಾ ಮನೆಯ ಕಂಪ್ಯೂಟರಿನ ಹಾಡನ್ನೂ ನುಡಿಸುವ ಪೆಟ್ಟಿಗೆಯನ್ನು ಕೇಳಿ. ಕಂಪನಿ ಕೈಬಿಟ್ಟ ದಿನವೂ ನಮ್ಮ ಹಾಡನ್ನು ಅದು ಹಾಡಬೇಕು. ಐ.ಟಿ.ಐ. ಓದುವ ಮಗನಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯಲ್ಲಿ ಉಚಿತ ತಂತ್ರಾಂಶ ತುಂಬಿ ತಾನೇ ಸ್ಟ್ರೀಮರ್ ಮಾಡಿಕೊಡಬಲ್ಲ. ಹುಡುಗನಿಗೂ ಒಂದು ಪಾಠವಾಯಿತು.

ಇನ್ನು ಧ್ವನಿಯ ಗುಣ. ಅಂಗಡಿಯವರು ‘ಹೈ-ರೆಸ್’ ಎಂಬ ಮಾತು ಹೇಳಿ ಬೆಲೆ ಏರಿಸುತ್ತಾರೆ. ಆರೋಗ್ಯವಂತ ಎಳೆಯ ಕಿವಿಯೂ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನದ ಮೇಲಿನ ಸದ್ದನ್ನು ಕೇಳದು. ವಯಸ್ಸಾದಂತೆ ಆ ಮಿತಿ ಇಳಿಯುತ್ತದೆ. ಹಳೆಯ ಸಿಡಿಯೇ ಅಷ್ಟನ್ನು ಹಿಡಿಯುತ್ತದೆ. ಇನ್ನು ನಮ್ಮ ಮಗ್ಗದ ಖಾತೆಯವರ ಕಿವಿಯ ಮಾತು ಬೇರೆಯೇ. ದಿನಕ್ಕೆ ಎಂಟು ಗಂಟೆ ದುಡಿಯುವವರು ೮೫ ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದಿನಲ್ಲಿರಬಾರದು ಎಂದು ಬಲ್ಲವರು ಹೇಳುತ್ತಾರೆ; ಮಗ್ಗದ ಶೆಡ್ಡು ಅದನ್ನು ಮೀರುವುದು ಸಾಮಾನ್ಯ. ಅಂಥ ಕಿವಿಗೆ ಬೇಕಾದದ್ದು ದುಬಾರಿ ಹೈ-ರೆಸ್ ಅಲ್ಲ, ಮೆಲುದನಿ ಮತ್ತು ವಿಶ್ರಾಂತಿ. ಉಳಿಯುವ ಹಣದಲ್ಲಿ ಒಳ್ಳೆಯ ಸ್ಪೀಕರ್ ಕೊಂಡರೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಮಲಗಿದ ಜೊತೆಗಾರರಿದ್ದರೆ ಇಯರ್‌ಫೋನ್ ಬಳಸುವುದೂ ಸೌಜನ್ಯ.

ಡೇಟಾ ಲೆಕ್ಕವನ್ನೂ ನೋಡೋಣ. ಸೆಕೆಂಡಿಗೆ ೩೨೦ ಕಿಲೋಬಿಟ್ಟಿನ ಹಾಡು, ಅಂದರೆ ಸಾಮಾನ್ಯ ಸೇವೆಗಳಲ್ಲಿ ಒಳ್ಳೆಯ ದರ್ಜೆಯದು, ಗಂಟೆಗೆ ೧೪೪ ಎಂಬಿ ತಿನ್ನುತ್ತದೆ. ದಿನಕ್ಕೆ ಮೂರು ಗಂಟೆ ಕೇಳಿದರೆ ೪೩೨ ಎಂಬಿ, ತಿಂಗಳಿಗೆ ಸುಮಾರು ೧೩ ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರಿಗೆ ಇದು ಹೊರೆಯಲ್ಲ. ಸಿಡಿಯ ದರ್ಜೆಯದಾದರೆ, ಅಡಕಗೊಳಿಸದೆ ಗಂಟೆಗೆ ಸುಮಾರು ೬೩೫ ಎಂಬಿ. ಅಡಕಗೊಳಿಸಿದರೂ ಹೆಚ್ಚುಕಡಿಮೆ ಅದರ ಅರ್ಧ. ಮನೆಗೆ ವೈಫೈ ಇಲ್ಲದವರು ಅದರ ಗೊಡವೆಗೆ ಹೋಗಬಾರದು.

ಚಂದಾ ಲೆಕ್ಕ ಇನ್ನೂ ಮುಖ್ಯ. ತಿಂಗಳಿಗೆ ನೂರು ರೂಪಾಯಿ ಎಂದು ಹಿಡಿದುಕೊಳ್ಳಿ. ಐದು ವರ್ಷಕ್ಕೆ ಆರು ಸಾವಿರ. ಪೆಟ್ಟಿಗೆಯ ಬೆಲೆಯನ್ನು ಎಲ್ಲರೂ ಕೇಳುತ್ತಾರೆ, ಈ ಆರು ಸಾವಿರವನ್ನು ಯಾರೂ ಕೇಳುವುದಿಲ್ಲ. ಮೊದಲು ನಿಮಗೆ ಪ್ರಿಯವಾದ ಹತ್ತು ಕನ್ನಡ ಹಾಡುಗಳ ಪಟ್ಟಿ ಮಾಡಿ. ಚಂದಾ ಕಟ್ಟದೆಯೇ ಸೇವೆಯಲ್ಲಿ ಹುಡುಕಿ ನೋಡಿ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆದಿರುತ್ತಾರೆ. ಎರಡು ಮೂರು ಬಗೆಯಲ್ಲಿ ಹುಡುಕಬೇಕು. ಹತ್ತರಲ್ಲಿ ಎಂಟು ಸಿಕ್ಕರೆ ಆ ಸೇವೆ ನಮ್ಮದು. ಮೂರೇ ಸಿಕ್ಕರೆ ಕೋಟಿ ಹಾಡಿದ್ದರೂ ನಮಗೆ ಪ್ರಯೋಜನವಿಲ್ಲ.

ಚಂದಾ ಇಲ್ಲದೆಯೂ ದೊರೆಯುವ ಐಶ್ವರ್ಯವೊಂದಿದೆ. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಬೆಂಗಳೂರು, ಧಾರವಾಡ ಮುಂತಾದ ನಿಲಯಗಳ ಕಾರ್ಯಕ್ರಮ ಕಲ್ಕತ್ತೆಯಲ್ಲೂ ಕೇಳಿಸುತ್ತದೆ. ಹಿಂದೆ ರೇಡಿಯೋ ಮುಳ್ಳು ತಿರುಗಿಸಿ ತಿರುಗಿಸಿ ಗೊರಗೊರ ಸದ್ದಿನ ನಡುವೆ ಊರಿನ ಮಾತನ್ನು ಹುಡುಕುತ್ತಿದ್ದವರಿಗೆ ಇದರ ಬೆಲೆ ಗೊತ್ತು. ಕೊಳ್ಳುವಾಗ ಅಂಗಡಿಯಲ್ಲೇ ಈ ಆ್ಯಪನ್ನು ಹಾಕಿ, ಪೆಟ್ಟಿಗೆಯಲ್ಲಿ ನುಡಿಯುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಹೋಟೆಲಿನ ಬಾಂಧವರಿಗೆ ಒಂದು ಎಚ್ಚರಿಕೆ. ಮನೆಯ ಚಂದಾ ಮನೆಗೆ ಮಾತ್ರ. ಗಿರಾಕಿಗಳು ಕೂರುವ ಹಾಲಿನಲ್ಲಿ ಹಾಡು ಹಾಕಬೇಕಾದರೆ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಪರವಾನಗಿ ಬೇಕಾಗುತ್ತದೆ, ಅದನ್ನು ಪಡೆಯುವುದು ಮಾಲೀಕರ ಹೊಣೆ. ನಿಮ್ಮ ಹೆಸರಿನ ಖಾತೆಯನ್ನು ಅದಕ್ಕೆ ಕೊಡಬೇಡಿ.

ಕೊನೆಯದಾಗಿ ಟ್ರಂಕಿನ ಮಾತು. ೧೯೭೮ರಲ್ಲಿ ಬಂದ ‘ನಿತ್ಯೋತ್ಸವ’ದಂಥ ಭಾವಗೀತೆಯ ಕ್ಯಾಸೆಟ್ಟುಗಳು, ಊರಿನ ಬಯಲಾಟದಲ್ಲಿ ಯಾರೋ ಹಿಡಿದ ಯಕ್ಷಗಾನದ ಪ್ರಸಂಗ, ಅಜ್ಜಿ ಹೇಳಿದ ಸೋಬಾನೆ ಪದ ನಮ್ಮ ಎಷ್ಟೋ ಮನೆಗಳಲ್ಲಿವೆ. ಇವುಗಳಲ್ಲಿ ಹಿಂದಿನವು ಪೇಟೆಯಲ್ಲಿ ಸಿಕ್ಕಾವು. ಬಯಲಾಟವೂ ಅಜ್ಜಿಯ ದನಿಯೂ ಯಾವ ಕಂಪನಿಯ ಭಂಡಾರದಲ್ಲೂ ಇಲ್ಲ. ಕ್ಯಾಸೆಟ್ಟಿನ ಪಟ್ಟಿ ವರ್ಷ ಕಳೆದಂತೆ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ನುಡಿಯುವ ಟೇಪ್ ರೆಕಾರ್ಡರ್ ಇರುವಾಗಲೇ ಅವನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಪೆನ್ ಡ್ರೈವಿನಲ್ಲಿ ಎರಡು ಕಡೆ ಇಡಿ. ಹೊಸ ಪೆಟ್ಟಿಗೆಗೆ ಮುನ್ನ ಈ ಕೆಲಸಕ್ಕೆ ಹಣ ಕೊಡುವುದು ಮೇಲು. ಸಂಘದ ತರುಣರು ಒಂದು ಭಾನುವಾರ ಟೇಪ್ ರೆಕಾರ್ಡರು, ಕಂಪ್ಯೂಟರು ಹಿಡಿದು ಕುಳಿತರೆ ಹತ್ತು ಮನೆಯ ಕ್ಯಾಸೆಟ್ಟುಗಳ ಕೆಲಸ ಆರಂಭವಾಗಬಹುದು ಎಂದು ಸೂಚಿಸುತ್ತೇವೆ.

ಆದುದರಿಂದ ನಾವು ಹೇಳುವುದು ಇಷ್ಟೆ: ಹಳೆಯ ಆಂಪ್ಲಿಫೈಯರ್ ಉಳಿಸಿಕೊಳ್ಳಿ, ಹಳೆಯ ಮೊಬೈಲಿನಿಂದ ಪರೀಕ್ಷೆ ಮಾಡಿ, ಬೇಕೆನಿಸಿದರೆ ಹಲವು ಸೇವೆಗಳಿಗೆ ಒಗ್ಗುವ ಸಣ್ಣ ಪೆಟ್ಟಿಗೆ ಕೊಳ್ಳಿ, ಕಂತಿನ ಸಾಲ ಮಾಡಿ ದೊಡ್ಡದನ್ನು ತರಬೇಡಿ, ಸ್ವಂತ ಹಾಡುಗಳನ್ನು ಕಾಪಾಡಿಕೊಳ್ಳಿ. ಪ್ರಶ್ನೆಗಳಿದ್ದವರು ಚಹಾ ಹೊತ್ತಿನಲ್ಲಿ ಕೇಳಬಹುದು. ತಂತಿ, ಪೆಟ್ಟಿಗೆ ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದೇವೆ.