ಪ್ರಜಾಪ್ರಭುತ್ವದ ರಕ್ಷಣೆ ಮತ್ತು ಬೊಮ್ಮಾಯಿ ತೀರ್ಪು



ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ದ್ವೇಷ ಹಬ್ಬಿಸೋ ಪಕ್ಷಗಳನ್ನ ಸರ್ಕಾರ ಯಾಕ ಬ್ಯಾನ್ ಮಾಡಂಗಿಲ್ರಿ?" ಬ್ಯಾನ್ ಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂದು ನಾನು ತಿರುಗಿ ಕೇಳಿದಾಗ ಸುಮ್ಮನಾದ.

ಜರ್ಮನಿ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 1933ರ ಮಾರ್ಚ್ 23ರಂದು ಅಲ್ಲಿನ ಸಂಸತ್ತೇ ಮತ ಹಾಕಿ, ಶಾಸನ ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿತು. ಆದ್ದರಿಂದ ಪ್ರಜಾಪ್ರಭುತ್ವವನ್ನು ನಾಶ ಮಾಡಲು ಹೊರಟ ಪಕ್ಷವನ್ನು ನಿಷೇಧಿಸಬಹುದೆಂದು 1949ರ ಸಂವಿಧಾನದಲ್ಲಿ ಬರೆದರು. ಆದರೆ ನಿರ್ಣಯವನ್ನು ಮಂತ್ರಿಗಳಿಗೆ ಬಿಡದೆ ಸಂವಿಧಾನ ನ್ಯಾಯಾಲಯಕ್ಕೆ ಕೊಟ್ಟರು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಉದಾಹರಣೆಗೆ ನಮ್ಮ ಹುಬ್ಬಳ್ಳಿಯದೇ ನಂಟು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಬಂದ ಎಸ್.ಆರ್. ಬೊಮ್ಮಾಯಿಯವರು 1988ರಲ್ಲಿ ಮುಖ್ಯಮಂತ್ರಿಯಾದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಕೇಳಲಿಲ್ಲ. 1989ರ ಏಪ್ರಿಲ್ 21ರಂದು ಅವರ ಸರ್ಕಾರ ವಜಾ ಆಯಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರ, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದಿತು. (ಅಷ್ಟರಲ್ಲಿ ಚುನಾವಣೆ ಮುಗಿದು ಹೋಗಿತ್ತು, ಆ ಮಾತು ಬೇರೆ.) ಅದೇ ತೀರ್ಪಿನಲ್ಲಿ, ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಲಕ್ಷಣವೆಂದು ಹೇಳಿ, ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ತೆಗೆದದ್ದನ್ನು ಎತ್ತಿ ಹಿಡಿಯಿತು. ನಮ್ಮವರು ಭಾಷಣಗಳಲ್ಲಿ ಈ ಎರಡನೆಯ ಮಾತನ್ನಷ್ಟೇ ಹೇಳುತ್ತಾರೆ. ನನಗೆ ಮೊದಲನೆಯದೂ ಅಷ್ಟೇ ಮುಖ್ಯ. ವಜಾ ಮಾಡುವ ಅಧಿಕಾರಕ್ಕೆ ಲಗಾಮಿಲ್ಲದಿದ್ದರೆ ನಾಳೆ ಅದು ಉಗ್ರವಾದಿಗಳ ಕೈಗೇ ಸಿಕ್ಕೀತು.

ಅದೇ ವರ್ಷ ಆಗಸ್ಟ್ 15ರಂದು ಈದ್ಗಾ ಮೈದಾನದ ಧ್ವಜ ವಿವಾದದಲ್ಲಿ ನಮ್ಮೂರಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ತೀರ್ಪು ಬಂದು ಆಗ ಐದೇ ತಿಂಗಳು. ದಿಲ್ಲಿಯ ತೀರ್ಪಿನಿಂದ ಓಣಿಯ ಸಿಟ್ಟು ಆರಲಿಲ್ಲ.

ಹಾಗಾದರೆ ಕಮರಿಪೇಟೆಯ ನಮ್ಮ ಕೈಯಲ್ಲಿ ಏನಿದೆ? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಅಕ್ರಮ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲೂ ಕೇಳಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ಅವರಿಗೂ ಸರಿ, ದೀನಿನ ಹೆಸರೆತ್ತಿ ನಮ್ಮ ಬಾಗಿಲಿಗೆ ಬರುವವರಿಗೂ ಸರಿ. ಶಾಸಕ ಆಯ್ಕೆಯಾದ 45 ದಿನಗಳೊಳಗೆ ಆ ಕ್ಷೇತ್ರದ ಯಾವ ಮತದಾರನಾದರೂ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು.

ಆ ಹುಡುಗನಿಗೆ ಇನ್ನೂ 18 ತುಂಬಿಲ್ಲ. "ಸರ್, ನಾವು ಓಟ್ ಹಾಕಿದವರ ಮ್ಯಾಲೂ ಅರ್ಜಿ ಹಾಕಬಹುದೇನ್ರಿ?" ಎಂದ. ಹಾಕಬಹುದು ಎಂದೆ.