ಇಂಜಿನ್ನಿನ ತಾಳ ಹಿಡಿಯುವ ಪುಟ್ಟ ಪೆಟ್ಟಿಗೆ

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಾರಿದ್ದರೆ, ಅದು ನಿಂತಿರುವಾಗ ದೊಡ್ಡವರನ್ನು ಕೇಳಿ ಡ್ರೈವರ್ ಸೀಟಿನ ಮುಂದೆ ಬಗ್ಗಿ ನೋಡಿ. ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಸಾಕೆಟ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೊಂದು ಮುಚ್ಚಳವೂ ಇರುತ್ತದೆ. ಎಂಟೆಂಟರ ಎರಡು ಸಾಲು, ಒಟ್ಟು 16 ಪಿನ್ನುಗಳಿಗೆ ಜಾಗ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ತಲೆಕೆಳಗಾಗಿ ಏನನ್ನೂ ಚುಚ್ಚಲು ಆಗಬಾರದೆಂದೇ ಈ ಆಕಾರ. ಇದಕ್ಕೆ ಒಬಿಡಿ ಸಾಕೆಟ್ ಎನ್ನುತ್ತಾರೆ. ದಿನಾ ಕಾರಿನಲ್ಲಿ ಓಡಾಡುವವರಲ್ಲೂ ಎಷ್ಟೋ ಜನ ಇದನ್ನು ಕಂಡಿರುವುದಿಲ್ಲ. ಆದರೆ ಇಂಜಿನ್ನಿನ ಒಳಗೆ ಏನಾಗುತ್ತಿದೆ ಎಂಬುದು ಹೊರಗೆ ಬರುವುದು ಇಲ್ಲಿಂದಲೇ.

ಈ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆಯೊಂದು ಸಿಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದು ಇಂಜಿನ್ನಿನ ಸುದ್ದಿಯನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತದೆ. ಗ್ಯಾರೇಜಿನವರು ಬಳಸುವ ದೊಡ್ಡ ಸ್ಕ್ಯಾನರಿನ ಕೆಲಸದಲ್ಲಿ ಒಂದು ಪಾಲನ್ನು ಇದೂ ಮಾಡುತ್ತದೆ.

ಇದರ ಕಥೆ ಹೇಳಲು ನನಗೆ ಬೆಂಗಳೂರಿನ ಬಳೇಪೇಟೆಗಿಂತ ಒಳ್ಳೆಯ ಜಾಗ ಸಿಗಲಿಲ್ಲ. ಬಳೇಪೇಟೆಯಲ್ಲಿ ಬಳೆ, ಸೀರೆಗಳ ಅಂಗಡಿಗಳ ಜೊತೆಗೆ ಮೃದಂಗ, ತಬಲ, ಹಾರ್ಮೋನಿಯಂ ಮಾರುವ ಅಂಗಡಿಗಳೂ ಇವೆ. ಅಲ್ಲಿಂದ ಚಿಕ್ಕಪೇಟೆ, ನಗರ್ತಪೇಟೆ ಹಾದು ನಡೆದರೆ ಎಲೆಕ್ಟ್ರಾನಿಕ್ ಸಾಮಾನುಗಳ ಎಸ್.ಪಿ. ರಸ್ತೆ. ಇನ್ನೂ ಸ್ವಲ್ಪ ನಡೆದು ಟೌನ್‌ಹಾಲ್ ದಾಟಿದರೆ ಕಾರಿನ ಬಿಡಿಭಾಗಗಳ ಜೆ.ಸಿ. ರಸ್ತೆ. ಮೃದಂಗ, ಚಿಪ್ಪು, ಸ್ಪಾರ್ಕ್ ಪ್ಲಗ್ಗು. ಈ ಮೂರೂ ನಮಗೆ ಈಗ ಬೇಕು.

ಮೊದಲು ಪ್ಲಗ್ಗು. ಪೆಟ್ರೋಲ್ ಕಾರಿನ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ನಾಲ್ಕು ಎಂದುಕೊಳ್ಳೋಣ. ಪ್ರತಿ ಸಿಲಿಂಡರಿನಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆದುಕೊಳ್ಳುವುದು, ಅದನ್ನು ಅದುಮುವುದು, ಪ್ಲಗ್ಗಿನ ಕಿಡಿಗೆ ಅದು ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುವುದು, ಸುಟ್ಟ ಹೊಗೆಯನ್ನು ಹೊರದೂಡುವುದು. ಈ ನಾಲ್ಕು ಕೆಲಸ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟ್ ಎಂಬ ಉಕ್ಕಿನ ದಂಡ ಎರಡು ಸುತ್ತು ತಿರುಗಿರುತ್ತದೆ. ನಾಲ್ಕು ಸಿಲಿಂಡರುಗಳು ಒಟ್ಟಿಗೆ ಉರಿಯುವುದಿಲ್ಲ, ಸರದಿಯಲ್ಲಿ ಉರಿಯುತ್ತವೆ. ಬಹಳ ಇಂಜಿನ್ನುಗಳಲ್ಲಿ ಆ ಸರದಿ 1, 3, 4, 2. ಅಂದರೆ ಅರ್ಧ ಸುತ್ತಿಗೊಂದು ತಳ್ಳು.

ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಿರುವ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಲೆಕ್ಕ ಹಾಕಿ. ಒಂದು ಸುತ್ತಿಗೆ 75 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ 75 ಪಾಲು. ಅರ್ಧ ಸುತ್ತಿಗೆ ಮೂವತ್ತೇಳೂವರೆ. ಇಷ್ಟು ಬೇಗ ನಡೆಯುವ ಈ ಕೆಲಸದಲ್ಲಿ ಯಾವುದೋ ಒಂದು ಸಿಲಿಂಡರ್ ಒಂದು ಸಲ ಉರಿಯದೆ ಹೋಯಿತು ಎನ್ನಿ. ಮೆಕ್ಯಾನಿಕ್ಕುಗಳು ಇದಕ್ಕೆ ‘ಮಿಸ್ಸಿಂಗ್ ಹೊಡೀತಿದೆ’ ಎನ್ನುತ್ತಾರೆ. ಹಳಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗಿನ ಸದ್ದು ಕೇಳಿಯೇ ತೊಂದರೆ ಎಲ್ಲಿದೆ ಎಂದು ಅಂದಾಜು ಮಾಡುತ್ತಿದ್ದರು. ಉಕ್ಕಿನಲ್ಲಿ ಸದ್ದು ಗಾಳಿಗಿಂತ ಎಷ್ಟೋ ಚೆನ್ನಾಗಿ ಹಾದುಹೋಗುತ್ತದೆ, ನೋಡಿ. ಅವರ ಕಿವಿಗಳ ಬಗ್ಗೆ ನನಗೆ ತುಂಬ ಗೌರವ.

ಇಂಜಿನ್ನನ್ನು ನೋಡಿಕೊಳ್ಳುವ ಕಾರಿನ ಕಂಪ್ಯೂಟರಿಗೆ ಕಿವಿಯಿಲ್ಲ. ಹಾಗಾದರೆ ಅದಕ್ಕೆ ಗೊತ್ತಾಗುವುದು ಹೇಗೆ?

ಕ್ರ್ಯಾಂಕ್ ಶಾಫ್ಟಿಗೆ ಹಲ್ಲುಗಳಿರುವ ಒಂದು ಚಕ್ರ ಜೋಡಿಸಿರುತ್ತಾರೆ. ಬಹಳ ಕಾರುಗಳಲ್ಲಿ ಅದು 60 ಹಲ್ಲುಗಳಿಗೆ ಅಳತೆ ಮಾಡಿದ ಚಕ್ರ. ಆದರೆ ಪಕ್ಕಪಕ್ಕದ ಎರಡು ಹಲ್ಲುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ, ಉಳಿಯುವುದು 58. ಚಕ್ರದ ಹತ್ತಿರವೇ ಒಂದು ಸೆನ್ಸರ್ ಕುಳಿತಿರುತ್ತದೆ. ಒಂದೊಂದು ಹಲ್ಲು ಹಾದುಹೋದಾಗಲೂ ಅದರಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ನಾವು ಹೇಳಿದ 800ರ ವೇಗದಲ್ಲಿ ಹಲ್ಲಿನಿಂದ ಹಲ್ಲಿಗೆ 1.25 ಮಿಲಿಸೆಕೆಂಡ್. ಕಂಪ್ಯೂಟರ್ ಇದನ್ನು ಎಡೆಬಿಡದೆ ಅಳೆಯುತ್ತದೆ.

ಈಗ ಮೃದಂಗಕ್ಕೆ ಬನ್ನಿ. ಸಂಗೀತ ಕಛೇರಿಯಲ್ಲಿ ಕುಳಿತು ತೊಡೆಯ ಮೇಲೆ ಕೈತಟ್ಟುತ್ತಾ ಆದಿತಾಳ ಹಾಕುವವರನ್ನು ನೀವು ನೋಡಿರುತ್ತೀರಿ. ಆ ತಾಳದಲ್ಲಿ ಎಂಟು ಎಣಿಕೆ. ನುಡಿಸುವವರ ಒಂದು ಪೆಟ್ಟು ತಡವಾಗಿ ಬಿದ್ದರೆ, ಎಣಿಸುತ್ತಾ ಕೂತವರಿಗೆ ತಡವಾಯಿತು ಎನ್ನುವುದಷ್ಟೇ ಅಲ್ಲ, ಎಷ್ಟನೆಯ ಎಣಿಕೆಯಲ್ಲಿ ಎಂಬುದೂ ಗೊತ್ತಾಗುತ್ತದೆ. ಏಕೆಂದರೆ ಅವರಿಗೆ ತಾಳ ಎಲ್ಲಿ ಶುರುವಾಯಿತು ಎಂಬುದು ತಿಳಿದಿದೆ. ಇಂಜಿನ್ನಿನ ಚಕ್ರದಲ್ಲಿ ಆ ಇಲ್ಲದ ಎರಡು ಹಲ್ಲುಗಳೇ ತಾಳದ ಸಮ, ಅಂದರೆ ಶುರುವಿನ ಜಾಗ. ಆ ಖಾಲಿ ಜಾಗ ಹಾದುಹೋದಾಗಲೆಲ್ಲ ಕಂಪ್ಯೂಟರ್ ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತದೆ. ಎರಡು ಸುತ್ತಿಗೆ ಒಂದು ಆವರ್ತ ಅಲ್ಲವೇ? ಈಗ ನಡೆಯುತ್ತಿರುವುದು ಮೊದಲನೆಯ ಸುತ್ತೋ ಎರಡನೆಯದೋ ಎಂದು ಹೇಳಲು ಕ್ಯಾಮ್ ಶಾಫ್ಟ್ ಎಂಬ ಬೇರೊಂದು ದಂಡದಲ್ಲಿ ಇನ್ನೊಂದು ಸೆನ್ಸರ್ ಇದೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಅರ್ಧ ಸುತ್ತಿಗೆ ತಳ್ಳು ಸಿಗುವುದಿಲ್ಲ, ಕ್ರ್ಯಾಂಕ್ ಶಾಫ್ಟ್ ಇಷ್ಟೇ ಇಷ್ಟು ನಿಧಾನವಾಗುತ್ತದೆ. ಆಗ ಯಾರ ಸರದಿಯಿತ್ತು ಎಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರವಿರುವ ಹಳದಿ ದೀಪ ಹತ್ತುತ್ತದೆ, ಮೆಮೊರಿಯಲ್ಲಿ ಒಂದು ಕೋಡ್ ಕೂರುತ್ತದೆ, ಉದಾಹರಣೆಗೆ ಪಿ 0301.

ಪೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಕಾಣುವುದು ಈ ಕೋಡು. ‘ಪಿ’ ಎಂದರೆ ಇಂಜಿನ್ ಮತ್ತು ಗೇರಿಗೆ ಸಂಬಂಧಪಟ್ಟದ್ದು. ಸೊನ್ನೆ ಎಂದರೆ ಎಲ್ಲ ಕಂಪನಿಯ ಕಾರುಗಳಿಗೂ ಒಂದೇ ಅರ್ಥದ ಕೋಡು. 3 ಎಂದರೆ ಕಿಡಿ ಮತ್ತು ಮಿಸ್ಸಿಂಗಿನ ವಿಚಾರ. 01 ಎಂದರೆ ಮೊದಲನೆಯ ಸಿಲಿಂಡರ್. ಮೂರನೆಯದಾಗಿದ್ದರೆ 0303 ಎಂದು ಬರುತ್ತಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕೋಡು ‘ಮೊದಲನೆಯ ಸಿಲಿಂಡರ್ ಉರಿಯುತ್ತಿಲ್ಲ’ ಎಂದಷ್ಟೇ ಹೇಳಿತು. ಯಾಕೆ ಉರಿಯುತ್ತಿಲ್ಲ ಎಂದು ಹೇಳಲಿಲ್ಲ. ಪ್ಲಗ್ ಸವೆದಿರಬಹುದು. ಪ್ಲಗ್ಗಿಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿರಬಹುದು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ವಾಲ್ವು ಸರಿಯಾಗಿ ಮುಚ್ಚದೆ ಅದುಮಿದ ಗಾಳಿ ಸೋರಿಹೋಗುತ್ತಿರಬಹುದು. ಕೋಡು ನೋಡಿದ ತಕ್ಷಣ ಜೆ.ಸಿ. ರಸ್ತೆಗೆ ಓಡಿ ಕಾಯಿಲ್ ತಂದರೆ ಸಾವಿರಾರು ರೂಪಾಯಿ ಹೋಗಬಹುದು, ಮಿಸ್ಸಿಂಗ್ ಹಾಗೇ ಉಳಿಯಬಹುದು.

ಒಳ್ಳೆಯ ಮೆಕ್ಯಾನಿಕ್ ಆಗ ಏನು ಮಾಡುತ್ತಾರೆ ಗೊತ್ತೇ? ಇಂಜಿನ್ ಆರಿಸಿ, ತಣ್ಣಗಾದ ಮೇಲೆ, ಮೊದಲನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದ್ದನ್ನು ಮೊದಲನೆಯದಕ್ಕೂ ಹಾಕುತ್ತಾರೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಕೋಡು ಅಳಿಸಿ ಮತ್ತೆ ಓಡಿಸಿ ನೋಡುತ್ತಾರೆ. ಈಗ ಪಿ 0303 ಬಂತೋ, ತೊಂದರೆ ಕಾಯಿಲಿನ ಜೊತೆಗೇ ಜಾಗ ಬದಲಿಸಿತು, ಹಾಗಾಗಿ ಕಾಯಿಲೇ ಕೆಟ್ಟಿದೆ. ಮತ್ತೆ ಪಿ 0301 ಬಂದರೆ ಕಾಯಿಲ್ ಚೆನ್ನಾಗಿದೆ, ಮುಂದೆ ಪ್ಲಗ್ಗನ್ನು ಹೀಗೇ ಅದಲು ಬದಲು ಮಾಡಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಇಟ್ಟು, ಏನಾಗುತ್ತದೆ ಎಂದು ನೋಡುವುದು. ನಿಮ್ಮ ಶಾಲೆಯ ಲ್ಯಾಬಿನಲ್ಲಿ ಮೇಷ್ಟ್ರು ಹೇಳಿಕೊಡುವ ಪ್ರಯೋಗದ ಕ್ರಮವೂ ಇದೇ. ಗ್ರೀಸ್ ಮೆತ್ತಿದ ಕೈಗಳು ಮಾಡುವ ಈ ಕೆಲಸ ಅಪ್ಪಟ ವಿಜ್ಞಾನ ಎಂದು ನಾನು ನಂಬುತ್ತೇನೆ.

ಇನ್ನು ಚಿಪ್ಪು. ಆ ಪುಟ್ಟ ಪೆಟ್ಟಿಗೆ ಕೋಡು ಓದುವುದಷ್ಟೇ ಅಲ್ಲ, ಇಂಜಿನ್ ಓಡುತ್ತಿರುವಾಗಲೇ ಅದನ್ನು ಪ್ರಶ್ನೆ ಕೇಳುತ್ತದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ 327 ಎಂಬ ಚಿಪ್ಪು ಇಂಥ ಪೆಟ್ಟಿಗೆಗಳಿಗೆ ದಾರಿ ಮಾಡಿತು. ‘ಸುತ್ತು ಎಷ್ಟು?’ ಎಂದು ಕೇಳಿದರೆ ಕಾರು ಎರಡು ಸಂಖ್ಯೆಗಳನ್ನು ಕೊಡುತ್ತದೆ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ಬಂದದ್ದನ್ನು 4ರಿಂದ ಭಾಗಿಸಬೇಕು. 12 ಮತ್ತು 128 ಬಂದರೆ? 12ನ್ನು 256ರಿಂದ ಗುಣಿಸಿದರೆ 3072. ಅದಕ್ಕೆ 128 ಕೂಡಿಸಿದರೆ 3200. ನಾಲ್ಕರಿಂದ ಭಾಗಿಸಿದರೆ 800. ನಮ್ಮ ಸಿಗ್ನಲ್ಲಿನ ಕಾರು!

‘ಕೂಲೆಂಟ್ (ಇಂಜಿನ್ನನ್ನು ತಣಿಸುವ ನೀರು) ಎಷ್ಟು ಬಿಸಿ?’ ಎಂದು ಕೇಳಿದರೆ ಒಂದೇ ಸಂಖ್ಯೆ ಬರುತ್ತದೆ. ಅದರಲ್ಲಿ 40 ಕಳೆಯಬೇಕು. 130 ಬಂದರೆ 90 ಡಿಗ್ರಿ ಸೆಲ್ಸಿಯಸ್. ಕಳೆಯುವುದೇಕೆ? ಆ ಒಂದು ಸಂಖ್ಯೆ 0ಯಿಂದ 255ರ ಒಳಗೇ ಇರಬೇಕು, ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ಆದರೆ ಹಿಮ ಬೀಳುವ ದೇಶಗಳಲ್ಲಿ ಇಂಜಿನ್ ಸೊನ್ನೆಗಿಂತ ತಣ್ಣಗಿರುತ್ತದಲ್ಲ. ಹಾಗಾಗಿ ಎಣಿಕೆಯನ್ನು ಮೈನಸ್ 40ರಿಂದಲೇ ಶುರುಮಾಡಿದರು.

ಈ ಬಿಸಿ ಅಳೆಯುವ ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್. ಬಿಸಿಯಾದಷ್ಟೂ ವಿದ್ಯುತ್ತಿಗೆ ಅದರ ತಡೆ ಕಡಿಮೆಯಾಗುತ್ತದೆ. ಇದನ್ನು ನೀವೇ ನೋಡಬಹುದು. ಎಸ್.ಪಿ. ರಸ್ತೆಯಲ್ಲಿ ‘10 ಕೆ’ ಎಂಬ ಎನ್‌ಟಿಸಿ ಥರ್ಮಿಸ್ಟರ್ ಕೇಳಿ, ನೀರು ತಾಗದಂತೆ ಕವಚ ಹಾಕಿದ್ದೇ ಆಗಲಿ. ಮನೆಯಲ್ಲಿ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಮಲ್ಟಿಮೀಟರ್ ಹಚ್ಚಿ. 25 ಡಿಗ್ರಿಯಲ್ಲಿ ಸುಮಾರು 10,000 ಓಮ್ ತೋರಿಸುತ್ತದೆ. 50 ಡಿಗ್ರಿಯ ಬಿಸಿನೀರಿನಲ್ಲಿಟ್ಟರೆ ಅದು 4,000ದ ಆಸುಪಾಸಿಗೆ ಇಳಿಯುತ್ತದೆ. ನೀರು ಆರುತ್ತಾ ಬಂದಂತೆ ಸಂಖ್ಯೆ ಮತ್ತೆ ಏರುವುದನ್ನು ಬರೆದಿಟ್ಟುಕೊಂಡು ಗ್ರಾಫ್ ಹಾಕಿ. ಅದು ನೇರ ಗೆರೆ ಬರುವುದಿಲ್ಲ, ಬಾಗಿದ ಗೆರೆ ಬರುತ್ತದೆ.

ಬಳೇಪೇಟೆಯ ಮುಖ್ಯ ರಸ್ತೆಯಲ್ಲಿ ಸಂಜೆ ಹೊತ್ತು ಕಾರು ಸಿಕ್ಕಿಹಾಕಿಕೊಂಡಾಗ ಫೋನಿನಲ್ಲಿ ಈ ಬಿಸಿಯ ಗೆರೆ ನೋಡಬೇಕು. (ನೋಡುವುದು ಹಿಂದಿನ ಸೀಟಿನವರ ಕೆಲಸ, ಓಡಿಸುವವರದ್ದಲ್ಲ.) ಮುಂದೆ ಗೂಡ್ಸ್ ಆಟೊ, ಪಕ್ಕದಲ್ಲಿ ತಳ್ಳುಗಾಡಿ, ಕಾರು ಅಲ್ಲಾಡುವುದಿಲ್ಲ. ಓಡುವಾಗ ರೇಡಿಯೇಟರಿಗೆ ಬಡಿಯುತ್ತಿದ್ದ ಗಾಳಿ ಈಗ ಇಲ್ಲ. ಗೆರೆ 90 ದಾಟಿ ಮೆಲ್ಲಗೆ 98ರ ಹತ್ತಿರಕ್ಕೋ ಅದಕ್ಕೂ ಮೇಲಕ್ಕೋ ಏರುತ್ತದೆ. ಅಷ್ಟರಲ್ಲಿ ರೇಡಿಯೇಟರ್ ಫ್ಯಾನ್ ‘ಗುಂಯ್’ ಎಂದು ತಿರುಗಿ, ಗೆರೆ ಇಳಿಯುತ್ತದೆ.

ಈಗ ಒಂದು ಬೆರಗು ನೋಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಕಡಿಮೆ, ಆದ್ದರಿಂದ ನಮ್ಮ ಅಡುಗೆಮನೆಯ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಿದ್ದ ಮೇಲೆ 98ರಲ್ಲಿ ಇಂಜಿನ್ನಿನ ನೀರು ಯಾಕೆ ಕುದಿಯಲಿಲ್ಲ? ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಒಳಗೇ ಹಿಡಿದಿಟ್ಟಿದೆ, ನೀರಿಗೆ ಬೆರೆಸಿದ ಗ್ಲೈಕಾಲ್ ಕೂಡ ಕುದಿಯುವ ಬಿಂದುವನ್ನು ಮೇಲಕ್ಕೆ ಏರಿಸಿದೆ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬಾರದು ಎನ್ನುವುದು ಇದಕ್ಕೇ. ತೆಗೆದ ಕ್ಷಣ ಒತ್ತಡ ಇಳಿದು, ಕಾದ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕಾರುಗಳಿಗೆ ಈ ಒಬಿಡಿ ಸಾಕೆಟ್ ಬಂದದ್ದು ರಿಪೇರಿ ಸುಲಭವಾಗಲಿ ಎಂದಲ್ಲ, ಊರಿನ ಗಾಳಿ ಉಳಿಯಲಿ ಎಂದು. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಕಾರಿನ ಹೊಗೆಯಲ್ಲಿರುವ ಅನಿಲಗಳು ಬಿಸಿಲಿನಲ್ಲಿ ಸೇರಿ ಆ ಮಬ್ಬನ್ನು ಮಾಡುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಮುಂದೆ ಕ್ಯಾಲಿಫೋರ್ನಿಯ ರಾಜ್ಯ, ಕಾರು ತನ್ನ ಹೊಗೆ ಕೆಟ್ಟರೆ ತಾನೇ ತಿಳಿಸಬೇಕು ಎಂದು ನಿಯಮ ಮಾಡಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಲ್ಲೂ ಈ 16 ಪಿನ್ನಿನ ಸಾಕೆಟ್ ಬಂತು. ಭಾರತದಲ್ಲಿ ಒಬಿಡಿ 2010ರಲ್ಲಿ ಬಿಎಸ್-4 ನಿಯಮದ ಜೊತೆ ಬಂತು, 2013ರಲ್ಲಿ ಇನ್ನಷ್ಟು ಬಿಗಿಯಾಯಿತು.

ಹೊಗೆ ಕೆಟ್ಟಿದೆಯೇ ಎಂದು ಕಾರು ತಿಳಿಯುವ ಬಗೆಯೂ ಚೆಂದ. ಸೈಲೆನ್ಸರ್ ಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪ ವಿಷಾನಿಲಗಳನ್ನು ಕಡಿಮೆ ಕೇಡಿನ ಅನಿಲಗಳಾಗಿ ಬದಲಿಸುತ್ತದೆ. ಅದರ ಹಿಂದೊಂದು ಮುಂದೊಂದು ಆಮ್ಲಜನಕದ ಸೆನ್ಸರ್. ಒಳಗೆ ಹೋಗುವಾಗ ಆಮ್ಲಜನಕ ಏರಿಳಿಯುತ್ತಿದ್ದು, ಹೊರಬರುವಾಗ ಸಮವಾಗಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಎರಡು ಕಡೆಯೂ ಒಂದೇ ರೀತಿ ಏರಿಳಿದರೆ ಪಿ 0420. ಮಿಸ್ಸಿಂಗ್ ಹೊಡೆಯುತ್ತಾ ಹಳದಿ ದೀಪ ಮಿನುಗುತ್ತಿದ್ದರಂತೂ ಜೋರಾಗಿ ಓಡಿಸಲೇಬಾರದು. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಹಾಕುತ್ತದೆ.

ಈ ಸುದ್ದಿಯನ್ನೆಲ್ಲ ಪೆಟ್ಟಿಗೆಗೆ ಮುಟ್ಟಿಸಲು ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಲ್ಲಿ ಹರಿಯುವ ಮಾತುಕತೆಯ ಪದ್ಧತಿಗೆ ಕ್ಯಾನ್ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ ಅದನ್ನು 1986ರಲ್ಲಿ ಹೊರತಂದಿತು. ಬಾಷ್ ನಮ್ಮೂರಿಗೆ ಹಳೆಯ ನೆಂಟ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತಿದ್ದ ಮೈಕೋ ಕಾರ್ಖಾನೆ ಆ ಕಂಪನಿಯ ಜೊತೆಗಾರಿಕೆಯದೇ. 2008ರಲ್ಲಿ ಮೈಕೋ ಬಾಷ್ ಲಿಮಿಟೆಡ್ ಆಯಿತು. ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಹಳೆಯ ಹೆಸರು ಉಳಿದಿದೆ.

ಪೆಟ್ಟಿಗೆ ಕೊಂಡವರಿಗೆ ಎರಡು ಮಾತು. ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತಿರುತ್ತದೆ, ಹಾಗಾಗಿ ದಿನಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಪೆಟ್ಟಿಗೆಯನ್ನು ಚುಚ್ಚಿ ಬಿಡಬೇಡಿ, ಬ್ಯಾಟರಿ ಇಳಿದುಹೋದೀತು. ಇನ್ನು, ಕೋಡನ್ನು ಬರೆದಿಟ್ಟುಕೊಳ್ಳದೆ ಅಳಿಸಬೇಡಿ. ಅಳಿಸಿದರೆ ದೀಪ ಆರುತ್ತದೆ, ತೊಂದರೆ ಹೋಗುವುದಿಲ್ಲ, ಮೆಕ್ಯಾನಿಕ್ಕಿಗೆ ಬೇಕಾದ ಸುಳಿವು ಮಾತ್ರ ಹೋಗುತ್ತದೆ.

ನಿಮಗೊಂದು ಲೆಕ್ಕ. ಸಿಗ್ನಲ್ಲಿನಲ್ಲಿ ನಿಂತ ಅದೇ ಕಾರಿನಲ್ಲಿ ಎ.ಸಿ. ಹಾಕಿದರು. ಸುತ್ತು ಎಷ್ಟು ಎಂದು ಕೇಳಿದಾಗ ಈ ಸಲ 14 ಮತ್ತು 16 ಬಂತು. ಇಂಜಿನ್ ಈಗ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ? ಯಾರೂ ಆಕ್ಸಿಲರೇಟರ್ ತುಳಿಯದಿದ್ದರೂ ಕಂಪ್ಯೂಟರ್ ಅದನ್ನು ಯಾಕೆ ಹೆಚ್ಚಿಸಿರಬಹುದು?