ಬೇಲಿಯ ಮೇಲೆ ಅಗ್ನಿಶಿಖೆ

ಗೌರಿ ಹಬ್ಬ ಹತ್ತಿರವಾದಾಗ ಹಾಸನದಿಂದ ಅರಕಲಗೂಡು, ಹೊಳೆನರಸೀಪುರದ ಕಡೆ ಹೋಗುವವರು ರಸ್ತೆ ಬದಿಯ ಬೇಲಿಗಳನ್ನೊಮ್ಮೆ ನೋಡಬೇಕು. ಮಳೆ ಹಿಡಿದಿದ್ದರೆ ಅಗ್ನಿಶಿಖೆ ಕಂಡೀತು. ಹಲವರಿಗೆ ಇದು ಗೌರಿ ಹೂವು.

ಇದಕ್ಕೆ ಹತ್ತಲು ಬೇರೆ ಕುಡಿಬಳ್ಳಿ ಬೇಡ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಹೂವಿನ 6 ಎಸಳುಗಳು ಹಿಂದಕ್ಕೆ ಬಾಗಿ ಮೇಲೆದ್ದು, ಹಳದಿಯಿಂದ ದಿನೇದಿನೇ ಕೆಂಪಿಗೆ ತಿರುಗುತ್ತವೆ. ಥೇಟ್ ದೀಪದ ಕುಡಿ!

ಇದರ ಗಡ್ಡೆ ನೆಲದಡಿ ಮಳೆಗಾಗಿ ಕಾಯುತ್ತದೆ. ಚನ್ನರಾಯಪಟ್ಟಣದ ಬಯಲಿನ ಬೇಸಿಗೆಯಲ್ಲೂ ಅದು ಮಣ್ಣಿನೊಳಗೆ ಬದುಕಿರಬಲ್ಲದು.

ಆ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. 1820ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿಗಳಾದ ಪೆಲ್ಟಿಯೇ ಮತ್ತು ಕಾವಾಂಟು ಯುರೋಪಿನ, ಅಗ್ನಿಶಿಖೆಯ ಕುಟುಂಬದ್ದೇ ಆದ ಹೂಗಿಡವೊಂದರಿಂದ ಅದನ್ನು ಬೇರ್ಪಡಿಸಿದರು. ಜೀವಕೋಶ ಒಡೆದು ಎರಡಾಗುವುದನ್ನೇ ಅದು ತಡೆಯುತ್ತದೆ. ವೈದ್ಯರು ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಮದ್ದು. ಗಡ್ಡೆಯನ್ನು ಗೆಣಸೆಂದು ತಿಂದರೆ ಪ್ರಾಣಕ್ಕೇ ಕುತ್ತು. ತಮಿಳುನಾಡಿನ ರಾಜ್ಯ ಹೂವೂ ಅಗ್ನಿಶಿಖೆಯೇ. ಅಲ್ಲಿನ ರೈತರು ಔಷಧ ಕಂಪನಿಗಳಿಗೆ ಬೇಕಾದ ಬೀಜಕ್ಕಾಗಿ ಇದನ್ನು ಬೆಳೆಯುತ್ತಾರೆ.

ಔಷಧಿಯ ಆಸೆಗೆ ಗಡ್ಡೆ ಅಗೆದು ಹಲವು ಕಾಡುಗಳಲ್ಲಿ ಬಳ್ಳಿಯೇ ವಿರಳವಾಗಿದೆ. ಬೇಲಿ ಸವರುವಾಗ ಇದು ಸಿಕ್ಕರೆ ದಯವಿಟ್ಟು ಗಡ್ಡೆ ಕೀಳಬೇಡಿ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.